ದೀಪದ ಹಿಂದಣ ಅಡವಿ: ತೊಗಲುಗೊಂಬೆಯ ಮೃಗಪಕ್ಷಿಗಳು

ತೊಗಲುಗೊಂಬೆಯಾಟವನ್ನು ಕುರಿತ ಬರೆವಣಿಗೆ ಕನ್ನಡದಲ್ಲಿ ಇಲ್ಲದಿಲ್ಲ. ಆದರೆ ಬರೆದವರಲ್ಲಿ ಹೆಚ್ಚಿನವರು ಆಟವನ್ನು ನೋಡಿದರು, ಹಾಡನ್ನು ಕೇಳಿದರು, ಕಥೆಯ ಮೂಲ ಯಾವುದೆಂದು ವಿಚಾರಿಸಿದರು. ಗೊಂಬೆಯನ್ನು ಒಂದು ಚಿತ್ರವೆಂದು ಕೈಯಲ್ಲಿ ಹಿಡಿದು, ರೇಖೆ ಹೇಗೆ ನಡೆದಿದೆ, ಬಣ್ಣ ಎಲ್ಲಿ ನಿಂತಿದೆ, ಉಳಿಯ ಏಟು ಎಲ್ಲಿ ಬಿದ್ದಿದೆ ಎಂದು ಪರೀಕ್ಷಿಸಿದವರು ಕಡಮೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಎಂ. ಎಸ್. ನಂಜುಂಡರಾಯರು ಈ ಮಾತಿಗೆ ಅಪವಾದ. ಸ್ವತಃ ಚಿತ್ರಕಾರರಾಗಿದ್ದ ಅವರು ಗೊಂಬೆಗಳನ್ನು ಶ್ರಮಪಟ್ಟು ಸಂಗ್ರಹಿಸಿ, ಅವನ್ನು ಚಿತ್ರಗಳಂತೆಯೇ ಆದರಿಸಿ ಗ್ರಂಥವನ್ನೂ ರಚಿಸಿದರು. ಅವರು ತೆರೆದ ಹಾದಿಯಲ್ಲಿ ಮುಂದೆ ನಡೆದವರು ಬಹಳ ಮಂದಿ ಇಲ್ಲ. ಅದರ ಫಲವಾಗಿ, ನಾಗಮಂಗಲದ ಸೀಮೆಯಲ್ಲಿ ತಲೆತಲಾಂತರದಿಂದ ಬಂದ ಈ ಚಿತ್ರವಿದ್ಯೆಗೆ ‘ಹಳ್ಳಿಗರ ಅಲಂಕಾರಕಲೆ’ ಎಂಬ ಹೆಸರೊಂದು ಅಂಟಿಕೊಂಡಿದೆ. ಈ ಹೆಸರು ಸರಿಯಲ್ಲವೆಂಬುದನ್ನು ಅದರ ಮೃಗಪಕ್ಷಿವೃಕ್ಷಗಳಷ್ಟು ಚೆನ್ನಾಗಿ ಮತ್ತಾವುದೂ ತೋರಿಸಿಕೊಡಲಾರದು.

ಇದನ್ನು ವಿಚಾರಿಸಲು ಹೊರಗಿನದೊಂದು ಉಪಮಾನ ಒದಗಿಬಂದಿದೆ. ಈಚಿನ ವರ್ಷಗಳಲ್ಲಿ ವಿದ್ಯಾವಂತರ ಮನೆಗಳ ಗೋಡೆಯ ಮೇಲೆ ಮಧ್ಯಪ್ರದೇಶದ ಗೊಂಡರ ಚಿತ್ರಗಳು ಕಾಣಿಸಿಕೊಳ್ಳುತ್ತಿವೆ. ಕೊಂಬು ಬೆಳೆದು ಮರವಾದ ಜಿಂಕೆ, ಮೈತುಂಬ ಚುಕ್ಕಿಗೆರೆಗಳನ್ನು ಹೊತ್ತ ಹುಲಿ, ಮೀನು, ನವಿಲು. ಇವು ಈಗ ಮೈಸೂರಿನಲ್ಲಿಯೂ ಮಂಡ್ಯದಲ್ಲಿಯೂ ಅಪರಿಚಿತವಲ್ಲ. ೨೦೨೩ರಲ್ಲಿ ಈ ಚಿತ್ರಕಲೆಗೆ ಭೌಗೋಳಿಕ ಸೂಚ್ಯಂಕದ ಮನ್ನಣೆಯೂ ದೊರೆಯಿತು. ಆದರೆ ಕಾಗದದ ಮೇಲಿನ ಗೊಂಡ ಚಿತ್ರ ಎನ್ನುವುದು ಪುರಾತನ ವಸ್ತುವಲ್ಲ. ಗೊಂಡ ಹೆಂಗಸರು ಮನೆಯ ಗೋಡೆಗೂ ನೆಲಕ್ಕೂ ಬರೆಯುತ್ತಿದ್ದ ಡಿಗ್ನಾ ಎಂಬ ರೇಖಾವಿನ್ಯಾಸಗಳಿದ್ದುವು; ಗೊಂಡರ ವಂಶಗಳನ್ನೂ ದೇವತೆಗಳನ್ನೂ ಬಾನಾ ಎಂಬ ತಂತಿವಾದ್ಯದೊಡನೆ ಹಾಡಿ ಹೊಗಳುತ್ತಿದ್ದ ಪರ್ಧಾನರೆಂಬ ಗಾಯಕಕುಲವಿತ್ತು; ಅವರ ಮಹಾದೇವತೆಯಾದ ಬಡಾದೇವನು ಸಾಜಾ ಮರದಲ್ಲಿ, ಎಂದರೆ ಕನ್ನಡಿಗರು ಮತ್ತಿಯೆಂದು ಕರೆಯುವ ಮರದಲ್ಲಿ, ವಾಸಿಸುತ್ತಾನೆಂಬ ನಂಬಿಕೆಯಿತ್ತು. ೧೯೮೧ರ ಸುಮಾರಿಗೆ ಭೋಪಾಲದ ಭಾರತ ಭವನದ ಪರವಾಗಿ ಚಿತ್ರಕಾರ ಜೆ. ಸ್ವಾಮಿನಾಥನ್ ಅವರು ಕಳುಹಿಸಿದ ತಂಡ ಪಾಟನಗಢವೆಂಬ ಹಳ್ಳಿಯಲ್ಲಿ ಒಬ್ಬ ತರುಣ ಪರ್ಧಾನನನ್ನು ಕಂಡಿತು. ಆತನೇ ಜನಗಢ್ ಸಿಂಗ್ ಶ್ಯಾಮ್. ಹಾಡಿನಲ್ಲಿ ಮಾತ್ರ ಇದ್ದ ದೇವತೆಗಳಿಗೂ ಪ್ರಾಣಿಗಳಿಗೂ ಆತನು ಕಾಗದದ ಮೇಲೆ ಮೈಯನ್ನು ಕೊಟ್ಟನು. ಎಂಟು ವರ್ಷಗಳಲ್ಲಿ, ೧೯೮೯ರಲ್ಲಿ, ಆತನ ಚಿತ್ರಗಳು ಪ್ಯಾರಿಸ್ಸಿನ ಮಹಾಪ್ರದರ್ಶನಕ್ಕೆ ಹೋದುವು.

ಆ ಚಿತ್ರಗಳ ವಿಶೇಷವೇನು? ಹೊರರೇಖೆ ಸರಳ, ನೆರಳು ಬೆಳಕುಗಳ ಉಬ್ಬುತಗ್ಗು ಇಲ್ಲ, ಪ್ರಾಣಿ ಪಕ್ಕಕ್ಕೆ ತಿರುಗಿ ನಿಂತಿರುತ್ತದೆ. ಜೀವವೆಲ್ಲ ಇರುವುದು ಒಳಗಿನ ತುಂಬುಗೆಯಲ್ಲಿ. ಮೈಯ ಬಯಲನ್ನು ಚಿತ್ರಕಾರನು ಚುಕ್ಕಿಗಳಿಂದ, ಎಳೆಗಳಿಂದ, ಬೀಜದಂಥ ಮೀನುಹುರುಪೆಯಂಥ ಗುರುತುಗಳಿಂದ ತುಂಬುತ್ತಾನೆ. ಒಬ್ಬೊಬ್ಬ ಚಿತ್ರಕಾರನಿಗೂ ಒಂದೊಂದು ಗುರುತು ಸ್ವಂತದ್ದಾಗಿರುತ್ತದೆ; ತಿಳಿದವರು ಸಹಿಯನ್ನು ನೋಡದೆಯೇ ತುಂಬುಗೆಯನ್ನು ನೋಡಿ ಕೈ ಯಾರದೆಂದು ಹೇಳುತ್ತಾರೆ. ಈ ತುಂಬುಗೆಯನ್ನು ಅಲಂಕಾರವೆಂದು ಬಗೆಯುವುದು ಸುಲಭ. ಆದರೆ ಗುರುತುಗಳನ್ನು ಅಳಿಸಿದರೆ ಉಳಿಯುವುದು ಅಲಂಕಾರವಿಲ್ಲದ ಜಿಂಕೆಯಲ್ಲ, ಜಿಂಕೆಯೇ ಉಳಿಯುವುದಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಾಗಮಂಗಲದ ತೊಗಲುಗೊಂಬೆಗೆ ಬಂದರೆ, ಎರಡು ನಾಡುಗಳ ನಡುವಣ ದೂರ ಆಶ್ಚರ್ಯಕರವಾಗಿ ಕಡಮೆಯಾಗುತ್ತದೆ. ಇಲ್ಲಿಯೂ ಚಿತ್ರಕಾರನು ಹಾಡುಗಾರನೇ. ಕಿಳ್ಳೇಕ್ಯಾತರು ಅಥವಾ ಶಿಳ್ಳೇಕ್ಯಾತರು ಎಂಬ ಕುಲದವರು ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನು ಆಡುತ್ತ, ಆಟದಲ್ಲಿ ಕನ್ನಡದ ರಾಮಾಯಣ ಭಾರತಗಳನ್ನು ಹಾಡುತ್ತ, ಹಳೆಯ ಮೈಸೂರು ಸೀಮೆಯ ಊರೂರು ತಿರುಗಿದವರು. ಹೊಳೆಕೆರೆಗಳಲ್ಲಿ ಮೀನು ಹಿಡಿಯುವುದು ಅವರಲ್ಲಿ ಅನೇಕರ ಇನ್ನೊಂದು ಕಸಬು. ಅವರ ಹೆಂಗಸರು ಹಚ್ಚೆ ಹಾಕುವುದರಲ್ಲಿ ಹೆಸರಾದವರೆಂದು ಹಳೆಯ ಮೈಸೂರು ಗೆಜೆಟಿಯರು ಹೇಳುತ್ತದೆ. ಈ ಕೊನೆಯ ಸಂಗತಿಯನ್ನು ಕುಲದ ವೃತ್ತಾಂತವೆಂದು ಓದಿ ಬಿಟ್ಟುಬಿಡುವುದು ವಾಡಿಕೆ. ಆದರೆ ವಿಮರ್ಶಕನಿಗೆ ಇದು ಬೀಗದ ಕೈಯಿದ್ದ ಹಾಗೆ. ಮನುಷ್ಯನ ತೊಗಲ ಮೇಲೆ ಸೂಜಿಯ ಮೊನೆಯಿಂದ ಚುಕ್ಕಿಚುಕ್ಕಿಯಾಗಿ ಬಳ್ಳಿಯನ್ನೂ ಚೇಳನ್ನೂ ಮೂಡಿಸುವ ಕೈ ಒಂದು ಮನೆಯಲ್ಲಿದ್ದರೆ, ಅದೇ ಮನೆಯಲ್ಲಿ ಆಡಿನ ತೊಗಲ ಮೇಲೆ ಉಳಿಯ ಮೊನೆಯಿಂದ ಚುಕ್ಕಿಚುಕ್ಕಿಯಾಗಿ ಮೃಗಪಕ್ಷಿಗಳನ್ನು ಮೂಡಿಸುವ ಕೈಯೂ ಇದ್ದಿತು. ಗೊಂಡರ ನಾಡಿನಲ್ಲಿಯೂ ಹಚ್ಚೆಯ ಗುರುತಿಗೂ ಚಿತ್ರದ ಗುರುತಿಗೂ ನೆಂಟಸ್ತನವುಂಟೆಂದು ಅಲ್ಲಿನವರು ಹೇಳುವುದನ್ನು ನೆನೆದರೆ ಸಾಮ್ಯ ಇನ್ನೂ ಸ್ಪಷ್ಟವಾಗುತ್ತದೆ.

ಗೊಂಬೆಯನ್ನು ಮಾಡುವ ಕ್ರಮ ಹೀಗೆ. ಆಡಿನ ಚರ್ಮವನ್ನು ನೆನೆಹಾಕಿ, ಕೂದಲನ್ನು ಹೆರೆದು, ಎಳೆದು ಕಟ್ಟಿ ಒಣಗಿಸುತ್ತಾರೆ. ದೇವತೆಗಳ ಗೊಂಬೆಗೆ ಜಿಂಕೆಯ ಚರ್ಮವನ್ನು ಆರಿಸುವ ಪದ್ಧತಿ ಹಿಂದೆ ಇತ್ತು. ಹದವಾದ ತೊಗಲು ಬೆಳಕಿಗೆ ಹಿಡಿದರೆ ಜೇನಿನಂತೆ ಕಾಣುತ್ತದೆ. ಅದರ ಮೇಲೆ ಮೊನೆಯಿಂದ ಗೀರಿ ಆಕಾರವನ್ನು ಗುರುತಿಸಿ, ಕೆಂಪು ಕಪ್ಪು ಹಸುರು ನೀಲಿಗಳ ತೆಳುಬಣ್ಣಗಳನ್ನು ಬಳಿದು, ದುಂಡು, ಅರ್ಧಚಂದ್ರ, ಹನಿ, ಜವೆಗಳ ಆಕಾರದಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಉಳಿಯಿಂದ ಕಡಿಯುತ್ತಾರೆ. ನಡುವೆ ಒಂದು ಸೀಳುಬಿದಿರನ್ನು ಕಟ್ಟಿದರೆ ಗೊಂಬೆ ಸಿದ್ಧ. ಕೈಕಾಲುಗಳು ಬೇರೆಯಾಗಿ ಆಡುವ ಗೊಂಬೆಗಳು ಕೆಲವು ಮಾತ್ರ. ಹಾಸ್ಯಕ್ಕೆ ಬರುವ ಕಿಳ್ಳೇಕ್ಯಾತ, ಬಂಗಾರಕ್ಕ ಮೊದಲಾದುವು ಆ ಜಾತಿಯವು. ಉಳಿದುವು ಬಹುಮಟ್ಟಿಗೆ ಒಂದೇ ಹಾಳೆಯ ಚಿತ್ರಗಳು. ರಥ, ಕುದುರೆ, ಸಾರಥಿ, ಧ್ವಜಗಳೆಲ್ಲ ಸೇರಿ ಒಂದು. ಮರ, ಮರದ ಕೆಳಗೆ ಸೀತೆ, ಕೊಂಬೆಯಲ್ಲಿ ಹನುಮಂತ ಸೇರಿ ಒಂದು. ಆದುದರಿಂದಲೇ ಇವು ಬೊಂಬೆಗಳೆಂಬುದಕ್ಕಿಂತ ಚಿತ್ರಗಳೆಂಬ ಮಾತು ಹೆಚ್ಚು ಸಲ್ಲುತ್ತದೆ.

ಮಾಯಾಮೃಗದ ಗೊಂಬೆಯನ್ನು ತೆಗೆದುಕೊಳ್ಳೋಣ. ಜಿಂಕೆಯ ಮೈ ಒಂದೇ ಬಾಗಿದ ಗೆರೆ; ಕಾಲುಗಳು ಕಡ್ಡಿಯಂತೆ ತೆಳು; ದೇಹದ ಪ್ರಮಾಣವನ್ನು ಅಳೆಯಹೊರಟವನಿಗೆ ಹತ್ತು ತಪ್ಪುಗಳು ಸಿಗಬಹುದು. ಅದು ಚಿನ್ನದ ಜಿಂಕೆಯಾಗಬೇಕಲ್ಲವೆ? ಚಿನ್ನದ ಬಣ್ಣವನ್ನು ಚಿತ್ರಕಾರನು ಎಲ್ಲಿಯೂ ಬಳಿದಿಲ್ಲ. ಚಿನ್ನವಿರಬೇಕಾದ ಕಡೆಗಳಲ್ಲಿ ತೊಗಲನ್ನೇ ಕಡಿದು ತೆಗೆದುಹಾಕಿದ್ದಾನೆ. ಪರದೆಯ ಹಿಂದೆ ದೀಪ ಬಂದಾಗ ಆ ಬರಿದಾದ ಕಡೆಗಳೇ ಉರಿಯುವ ಚುಕ್ಕಿಗಳಾಗುತ್ತವೆ. ಸೀತೆಯ ಕಣ್ಣನ್ನು ಸೆಳೆದ ಹೊನ್ನು ಆ ಮೃಗದಲ್ಲಿ ಇರಲಿಲ್ಲ ಎಂಬ ಕಥೆಯ ಮರ್ಮವನ್ನು ಇದಕ್ಕಿಂತ ನೇರವಾಗಿ ಹೇಳಿದ ಚಿತ್ರ ಬೇರೊಂದನ್ನು ಹುಡುಕುವುದು ಕಷ್ಟ. ಮಾಡಿದವನು ಇಷ್ಟನ್ನೆಲ್ಲ ಯೋಚಿಸಿ ಮಾಡಿದನೇ ಎಂದು ಕೆಲವರು ಕೇಳುತ್ತಾರೆ. ಕವಿಯ ವಿಷಯದಲ್ಲಿ ಕೇಳದ ಪ್ರಶ್ನೆಯನ್ನು ಗೊಂಬೆಯವನ ವಿಷಯದಲ್ಲಿ ಮಾತ್ರ ಕೇಳುವುದು ನ್ಯಾಯವಲ್ಲ. ಕೃತಿಯಲ್ಲಿ ಇರುವುದು ಕೃತಿಯಲ್ಲಿ ಇದೆ.

ನವಿಲಿನ ಗೊಂಬೆಯಲ್ಲಿ ಕೌಶಲ ಇನ್ನೊಂದು ಬಗೆಯದು. ಗರಿಯ ಕಣ್ಣಿಗೆ ನಡುವೆ ಒಂದು ದುಂಡು ರಂಧ್ರ, ಸುತ್ತಲೂ ಅರ್ಧಚಂದ್ರದ ಏಟುಗಳು, ನಡುವಣ ತೊಗಲಿಗೆ ನೀಲಿ ಹಸುರುಗಳ ತೆಳುಲೇಪ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಕಣ್ಣುಗಳು ಕಡಿದು ಕಾಣುತ್ತವೆ; ಕೊಂಚ ಹಿಂದಕ್ಕೆ ಸರಿಸಿದಾಗ ಬೆಳಕು ಹರಡಿ ಒಂದರೊಳಗೊಂದು ಕರಗುತ್ತವೆ. ಆದಿಚುಂಚನಗಿರಿಯ ಬಂಡೆಗಳ ಮೇಲೆ ನವಿಲು ಗರಿಬಿಚ್ಚಿ ನಡುಗಿಸುವುದನ್ನು ಕಂಡವರಿಗೆ ಇದು ಯಾವುದರ ಅನುಕರಣವೆಂದು ಹೇಳಬೇಕಾಗಿಲ್ಲ. ಅನುಕರಣವೆಂದರೂ ಆಕಾರದ ಅನುಕರಣವಲ್ಲ, ನಡುಕದ ಅನುಕರಣ. ನಿಂತ ಗೋಡೆಯ ಚಿತ್ರಕ್ಕಾಗಲಿ ಕಾಗದದ ಚಿತ್ರಕ್ಕಾಗಲಿ ಇದು ಸಾಧ್ಯವಿಲ್ಲ. ಗೊಂಡ ಚಿತ್ರಕಾರನು ಚುಕ್ಕಿಗಳನ್ನು ಒತ್ತೊತ್ತಾಗಿ ಇಟ್ಟು ಕಣ್ಣಿಗೆ ಭ್ರಮೆಯನ್ನುಂಟುಮಾಡಿ ಸಾಧಿಸುವುದನ್ನು ಇಲ್ಲಿ ದೀಪವೂ ಕೈಯೂ ಸೇರಿ ನಿಜವಾಗಿಯೇ ಮಾಡುತ್ತವೆ.

ಮರದ ಮಾತು. ಅಶೋಕವನದ ಮರವನ್ನು ನೋಡಿ ಅದು ಅಶೋಕವೋ ಹೊಂಗೆಯೋ ಮಾವೋ ಎಂದು ಹೇಳಲು ಬಾರದು. ಎಲೆಗಳೆಲ್ಲ ಒಂದೇ ಅಚ್ಚಿನವು. ಎಡಬಲಗಳು ತಕ್ಕಡಿಯಂತೆ ಸಮ. ಆದರೂ ಅದು ಬಳ್ಳಿಯ ಬಾರ್ಡರಿನಂತೆ ಸಪ್ಪೆಯಾಗುವುದಿಲ್ಲ. ಏಕೆಂದರೆ ಎಲೆಯೆಲೆಯ ನಡುವೆ ಬೆಳಕು ಬೇರೆಬೇರೆಯಾಗಿ ಸೋರುತ್ತದೆ, ಕೊಂಬೆಯ ಸಂದಿನಲ್ಲಿ ಹಕ್ಕಿಯೋ ಅಳಿಲೋ ಕೋತಿಯೋ ಕುಳಿತಿರುತ್ತದೆ. ಕಥೆಗೆ ಬೇಡವಾದ ಈ ಜೀವಿಗಳನ್ನು ಯಾರೂ ಹಾಡುವುದಿಲ್ಲ, ಅವಕ್ಕೆ ಮಾತಿಲ್ಲ. ಸೀತೆಯ ಶೋಕ ನಡೆಯುವಷ್ಟು ಹೊತ್ತೂ ಅವು ತಮ್ಮ ಪಾಡಿಗೆ ತಾವು ಕುಳಿತಿರುತ್ತವೆ. ಗೊಂಡರ ಚಿತ್ರದಲ್ಲಿ ಮರವೇ ಕಥಾನಾಯಕ, ಅದು ದೇವರ ಮನೆ; ತೊಗಲುಗೊಂಬೆಯಲ್ಲಿ ಮರ ಸಾಕ್ಷಿ. ಈ ಭೇದವನ್ನು ಮರೆತು ಎರಡನ್ನೂ ‘ಪ್ರಕೃತಿಯ ಆರಾಧನೆ’ ಎಂಬ ಒಂದೇ ಗಂಟಿನಲ್ಲಿ ಕಟ್ಟುವವರು ಎರಡನ್ನೂ ನೋಡಿಲ್ಲವೆಂದೇ ಹೇಳಬೇಕು.

ಗಾತ್ರದ ವಿಷಯವೊಂದುಂಟು. ತೊಗಲುಗೊಂಬೆಯಲ್ಲಿ ರಾಜನೂ ದೇವರೂ ದೊಡ್ಡವರು, ಆಳು ಚಿಕ್ಕವನು. ಅಂತಸ್ತಿಗೆ ತಕ್ಕ ಅಳತೆ. ಪ್ರಾಣಿಗಳು ಈ ನಿಯಮಕ್ಕೆ ಸಿಕ್ಕುವುದಿಲ್ಲ. ರಥದ ಕುದುರೆ ರಥಿಕನಿಗಿಂತ ಚಿಕ್ಕದಾಗಿರಬಹುದು. ಅದೇ ಆಟದಲ್ಲಿ ಹಾವೊಂದು ಪರದೆಯ ಅರ್ಧವನ್ನು ಆವರಿಸಬಹುದು. ಹನುಮಂತನಿಗಂತೂ ಹಲವು ಗೊಂಬೆಗಳು ಬೇಕು. ಕಥೆ ಬೆಳೆದಂತೆ ಅವನೂ ಬೆಳೆಯುತ್ತಾನೆ. ಮೃಗಕ್ಕೆ ಅಂತಸ್ತಿಲ್ಲ, ಸಂದರ್ಭವೇ ಅದರ ಅಳತೆ.

ಇನ್ನು ಆಕ್ಷೇಪಗಳನ್ನು ನೋಡಬಹುದು. ಶಾಸ್ತ್ರವನ್ನು ಬಲ್ಲವರು ಹೇಳುವುದು ಇದು: ಚಿತ್ರಕ್ಕೆ ಆರು ಅಂಗಗಳು, ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರನು ಸಂಗ್ರಹಿಸಿಕೊಟ್ಟ ಈ ಲಕ್ಷಣಗಳಲ್ಲಿ ಪ್ರಮಾಣವೂ ಸಾದೃಶ್ಯವೂ ತೊಗಲುಗೊಂಬೆಯಲ್ಲಿ ಎಲ್ಲಿವೆ? ಇಲ್ಲದ ಮೇಲೆ ಇದು ಬಾಲಿಶವಾದ ಅಲಂಕಾರವೇ ಅಲ್ಲವೆ? ಹೀಗೆ ಕೇಳುವವರು ಶಾಸ್ತ್ರದ ಒಂದು ಪುಟವನ್ನು ಓದಿ ಇನ್ನೊಂದನ್ನು ಮಡಿಸಿಟ್ಟಿದ್ದಾರೆ. ವಿಷ್ಣುಧರ್ಮೋತ್ತರದಲ್ಲಿ ವಜ್ರರಾಜನು ಪ್ರತಿಮಾಲಕ್ಷಣವನ್ನು ಕೇಳಿದಾಗ ಮಾರ್ಕಂಡೇಯನು ನೇರವಾಗಿ ಉತ್ತರಿಸುವುದಿಲ್ಲ. ಚಿತ್ರವನ್ನು ಅರಿಯದೆ ಪ್ರತಿಮೆ ತಿಳಿಯದು, ನೃತ್ತವನ್ನು ಅರಿಯದೆ ಚಿತ್ರ ತಿಳಿಯದು, ವಾದ್ಯವನ್ನು ಅರಿಯದೆ ನೃತ್ತ, ಗೀತವನ್ನು ಅರಿಯದೆ ವಾದ್ಯ ತಿಳಿಯದು ಎಂಬ ಅಭಿಪ್ರಾಯದಿಂದ ರಾಜನನ್ನು ಮೆಟ್ಟಿಲುಮೆಟ್ಟಿಲಾಗಿ ಹಾಡಿನವರೆಗೆ ಇಳಿಸಿಕೊಂಡು ಹೋಗುತ್ತಾನೆ. ಈ ಮೆಟ್ಟಿಲುಗಳೆಲ್ಲ ಒಂದೇ ಪರದೆಯ ಹಿಂದೆ ಇರುವ ವಿದ್ಯೆ ಇಂದು ಯಾವುದು? ಚಿತ್ರ ಬರೆದವನೇ ಕುಣಿಸುತ್ತಾನೆ, ಕುಣಿಸುವವನೇ ಹಾಡುತ್ತಾನೆ, ಅವನ ಮನೆಯವರೇ ಮದ್ದಲೆಯನ್ನೂ ತಾಳವನ್ನೂ ಹಿಡಿದಿರುತ್ತಾರೆ. ಹದಿಮೂರನೆಯ ಶತಮಾನದ ಗುಜರಾತಿನ ಸುಭಟನು ತನ್ನ ದೂತಾಂಗದವನ್ನು ಛಾಯಾನಾಟಕವೆಂದು ಕರೆದುಕೊಂಡ ಅರ್ಥವೇನೆಂದು ಪಂಡಿತರು ಇಂದಿಗೂ ವಾದಿಸುತ್ತಿದ್ದಾರೆ. ವಾದಿಸುವವರಲ್ಲಿ ಎಷ್ಟು ಮಂದಿ ಒಂದು ರಾತ್ರಿ ಗೊಂಬೆಯಾಟದ ಮುಂದೆ ಕುಳಿತಿದ್ದಾರೋ!

ಅಲಂಕಾರವೆಂಬ ಮಾತಿಗೂ ಉತ್ತರವನ್ನು ಅಲಂಕಾರಶಾಸ್ತ್ರದಲ್ಲಿಯೇ ಹುಡುಕಬೇಕು. ರಸವನ್ನು ಕಟ್ಟುವ ಪ್ರಯತ್ನದೊಳಗೆಯೇ, ಬೇರೊಂದು ಪ್ರಯತ್ನವಿಲ್ಲದೆ, ತಾನಾಗಿ ಒದಗಿಬರುವ ಅಲಂಕಾರವೇ ನಿಜವಾದುದೆಂದು ಆನಂದವರ್ಧನನ ಮತ. ಅಪೃಥಗ್ಯತ್ನವೆಂಬ ಆ ಲಕ್ಷಣವನ್ನು ಉಳಿಯ ಏಟಿಗೆ ಹಿಡಿದು ನೋಡಬೇಕು. ಒಂದೇ ಏಟಿನಲ್ಲಿ ಬಿದ್ದ ರಂಧ್ರ ಜಿಂಕೆಯ ಚುಕ್ಕಿಯೂ ಹೌದು, ಒಡವೆಯ ಮಣಿಯೂ ಹೌದು, ದೀಪದ ದಾರಿಯೂ ಹೌದು. ಮೊದಲು ಮೈಯನ್ನು ಮಾಡಿ ಆಮೇಲೆ ಅದಕ್ಕೆ ಬೆಡಗನ್ನು ತೊಡಿಸಿದುದಲ್ಲ. ಬೆಡಗನ್ನು ಕಳೆದರೆ ಪರದೆಯ ಮೇಲೆ ಮೈಯಿಲ್ಲ, ಕರಿಯ ನೆರಳಿನ ಮುದ್ದೆ ಮಾತ್ರ. ಗೊಂಡ ಚಿತ್ರದ ಚುಕ್ಕಿಗೂ ಈ ಲಕ್ಷಣ ಸಲ್ಲುತ್ತದೆ. ಆದರೆ ಪೂರ್ಣವಾಗಿ ಸಲ್ಲುವುದು ತೊಗಲಿಗೇ ಎಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಜಿಲ್ಲೆಯ ಇತರ ಮೃಗಚಿತ್ರಗಳ ಪಕ್ಕದಲ್ಲಿಟ್ಟರೆ ಈ ಮಾತು ಇನ್ನಷ್ಟು ತಿಳಿಯಾಗುತ್ತದೆ. ಕೃಷ್ಣರಾಜಪೇಟೆಯ ಬಳಿಯ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ ಹದಿಮೂರನೆಯ ಶತಮಾನದ್ದು. ಅದರ ಅಧಿಷ್ಠಾನದ ಪಟ್ಟಿಕೆಗಳಲ್ಲಿ ಕೆಳಗೆ ಆನೆ, ಮೇಲೆ ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂಬ ಕ್ರಮವಿದೆ. ಆನೆ ಅಲ್ಲಿ ಹೊರುತ್ತದೆ. ಇಡೀ ಗುಡಿಯ ಭಾರವನ್ನು ತಾನು ಬಲ್ಲೆನೆಂಬಂತೆ ಸೊಂಡಿಲನ್ನು ಮಡಿಸಿ ನಡೆಯುತ್ತದೆ. ಶಿಲ್ಪಿಯ ಕೈ ದೊಡ್ಡದು. ಆದರೆ ಮೃಗಕ್ಕೆ ಅಲ್ಲಿ ಒಂದು ಸ್ಥಾನವಿದೆ, ಮೆಟ್ಟಿಲಿದೆ, ಕಥೆ ಅದರ ತಲೆಯ ಮೇಲಿದೆ. ತೊಗಲಿನ ಆನೆಗೆ ತೂಕವೇ ಇಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತಿನ ಪಶ್ಚಿಮದ ಗೋಡೆಯ ಚಿತ್ರಗಳಲ್ಲಿ, ೧೭೮೦ರ ಪೊಳ್ಳಿಲೂರಿನ ಯುದ್ಧದ ಸಾಲುಸಾಲು ಕುದುರೆಗಳು ಸೇನೆಯ ಲೆಕ್ಕಕ್ಕೆ ಬಂದವು. ಒಂದನ್ನು ನೋಡಿದರೆ ನೂರನ್ನು ನೋಡಿದಂತೆ. (ಈ ಚಿತ್ರಗಳ ಪಾಡೂ ವಿಚಿತ್ರವಾದುದು. ಟಿಪ್ಪುವಿನ ಕಾಲದಲ್ಲಿ ಬರೆದುದನ್ನು ವೆಲ್ಲೆಸ್ಲಿ ದುರಸ್ತಿ ಮಾಡಿಸಿದ. ಮತ್ತೆ ೧೮೫೫ರಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ ತಿದ್ದಿಬರೆಸಲಾಯಿತು. ಈಗ ಕಾಣುವ ಕುದುರೆ ಯಾವ ಕೈಯ ಕುದುರೆಯೆಂದು ಹೇಳುವವರಾರು?) ಅದೇ ಊರಿನ ಗುಂಬಜಿನ ಒಳಗೋಡೆಗಳಲ್ಲಿಯಂತೂ ಹುಲಿಯೇ ಇಲ್ಲ, ಹುಲಿಯ ಪಟ್ಟೆ ಮಾತ್ರ ಇದೆ, ಮೃಗವನ್ನು ಬಿಟ್ಟು ಅದರ ಗುರುತನ್ನು ಬಿರುದಾಗಿ ಧರಿಸಿದ ರಾಜಚಿಹ್ನೆ ಅದು. ಭಾರ ಹೊರುವ ಮೃಗ, ಲೆಕ್ಕದ ಮೃಗ, ಬಿರುದಿನ ಮೃಗ. ಮನುಷ್ಯನ ಕೆಲಸಕ್ಕೆ ನಿಲ್ಲದೆ ತನ್ನ ಚುಕ್ಕಿಗಳೊಡನೆ ತಾನು ಮಿನುಗಿ ಮರೆಯಾಗುವ ಮೃಗವನ್ನು ನೋಡಬೇಕಾದರೆ ನಾಗಮಂಗಲದ ಗೊಂಬೆಯವನ ಪರದೆಯ ಮುಂದೆಯೇ ಕುಳಿತುಕೊಳ್ಳಬೇಕು.

ಪರದೆಯ ಮುಂದೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಚಿತ್ರಕಲಾ ಪರಿಷತ್ತಿನಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದಲ್ಲಿ, ಇದೇ ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿದ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ತೊಗಲುಗೊಂಬೆಗಳು ಸುರಕ್ಷಿತವಾಗಿವೆ. ಇವರೆಲ್ಲರ ಉಪಕಾರ ದೊಡ್ಡದು. ಇವರು ಕೂಡಿಡದಿದ್ದರೆ ಇಂದು ವಿಮರ್ಶೆಗೆ ವಸ್ತುವೇ ಇರುತ್ತಿರಲಿಲ್ಲ. ಆದರೂ ಒಂದು ಮಾತು. ಗಾಜಿನ ಒಳಗೆ ಹಲಗೆಗೆ ಒತ್ತಿ ಇಟ್ಟು ಮುಂದಿನಿಂದ ಬೆಳಕು ಬಿಟ್ಟರೆ, ಎಲ್ಲಿಯೇ ಆಗಲಿ, ತೊಗಲುಗೊಂಬೆ ಸಾಯುತ್ತದೆ. ಮಾಯಾಮೃಗದ ಚುಕ್ಕಿಗಳಲ್ಲಿ ಹಿಂದಿನ ಹಲಗೆ ಕಾಣುತ್ತದೆ, ಜೇನಿನ ಬಣ್ಣ ಕೊಳೆಯ ಬಣ್ಣವಾಗುತ್ತದೆ. ನೋಡಿದವನು ‘ಪಾಪ, ಹಳ್ಳಿಯ ಕೆಲಸ’ ಎಂದು ಮುಂದೆ ಹೋದರೆ ತಪ್ಪು ಅವನದಲ್ಲ. ದೀಪದಲ್ಲಿ ಮಾತ್ರ ನೋಡತಕ್ಕ ವಸ್ತುಗಳಿವೆಯೆಂಬುದು ಈ ಜಿಲ್ಲೆಯವರಿಗೆ ಹೊಸದೇನೂ ಅಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವೈರಮುಡಿಗೆ ಹಗಲ ಬೆಳಕು ತಾಕಬಾರದೆಂಬ ನಂಬಿಕೆಯಿಂದ ಅದನ್ನು ರಾತ್ರಿಯ ಉತ್ಸವದಲ್ಲಿಯೇ ಚೆಲುವನಾರಾಯಣನಿಗೆ ತೊಡಿಸುತ್ತಾರೆ. ಸಾವಿರಾರು ಮಂದಿ ನಿದ್ದೆಗೆಟ್ಟು ನೋಡುತ್ತಾರೆ. ಕಿರೀಟಕ್ಕೆ ಸಲ್ಲುವ ಈ ಮರ್ಯಾದೆಯಲ್ಲಿ ಹತ್ತರಲ್ಲೊಂದು ಪಾಲು ಗೊಂಬೆಗೂ ಸಂದರೆ ಸಾಕು. ಹಿಂದೆ ಒಂದು ದೀಪ, ಮುಂದೆ ಒಂದು ಬಿಳಿಯ ಬಟ್ಟೆ, ಖರ್ಚಿನ ಕೆಲಸವಲ್ಲ.

ಹೊಗಳಿಕೆಯೊಂದೇ ವಿಮರ್ಶೆಯಾಗದು. ಈಚಿನ ಗೊಂಬೆಗಳಲ್ಲಿ ದೋಷಗಳೂ ಸೇರಿಕೊಂಡಿವೆ. ದೇವರ ಮುಖಗಳಲ್ಲಿ ಅಂಗಡಿಯ ಕ್ಯಾಲೆಂಡರಿನ ಮುಖ ಇಣಿಕುತ್ತದೆ. ದುಂಡು ಗಲ್ಲ, ಮೃದುವಾದ ನಗೆ, ತೊಗಲಿಗೆ ಒಗ್ಗದ ನೆರಳು. ಹಳೆಯ ಗೊಂಬೆಯ ಚೂಪಾದ ಮೂಗು, ಮುಖವನ್ನೆಲ್ಲ ತುಂಬಿದ ಕಣ್ಣು ಕಡಮೆಯಾಗುತ್ತಿವೆ. ಅದಕ್ಕಿಂತಲೂ ಕೆಟ್ಟುದು, ಬೆಳಕನ್ನು ಬಿಡದ ಮಂದವಾದ ಅಂಗಡಿಬಣ್ಣಗಳು. ಹಗಲಿನಲ್ಲಿ ಕೈಯಲ್ಲಿ ಹಿಡಿದಾಗ ಅವು ಗಾಢವಾಗಿ ಕಾಣುತ್ತವೆ, ಕೊಳ್ಳುವವರನ್ನು ಸೆಳೆಯುತ್ತವೆ. ಪರದೆಗೆ ಹೋದರೆ ಕತ್ತಲೆಯ ತೇಪೆಗಳಾಗುತ್ತವೆ. ಮೃಗಪಕ್ಷಿಗಳ ಗೊಂಬೆಗಳು ಕ್ಯಾಲೆಂಡರಿನ ಹಾವಳಿಯಿಂದ ಬಹುಮಟ್ಟಿಗೆ ಪಾರಾಗಿವೆ. ನವಿಲನ್ನೂ ಜಿಂಕೆಯನ್ನೂ ಹಳೆಯ ಕೈಯೇ ಇನ್ನೂ ಬರೆಯುತ್ತಿದೆ. ಈ ಲೇಖನದಲ್ಲಿ ದೇವರುಗಳನ್ನು ಬಿಟ್ಟು ಪ್ರಾಣಿಗಳನ್ನು ಆರಿಸಿಕೊಂಡುದಕ್ಕೆ ಇದೂ ಒಂದು ಕಾರಣ.

ಹೆಸರಿನ ಪ್ರಶ್ನೆಯೊಂದು ಉಳಿದಿದೆ. ಹೊಯ್ಸಳರ ಕಾಲದ ರೂವಾರಿ ಮಲ್ಲಿತಮ್ಮ ಸೋಮನಾಥಪುರದಲ್ಲಿ ವಿಗ್ರಹದ ಬುಡದಲ್ಲಿ ತನ್ನ ಹೆಸರನ್ನು ಕೆತ್ತಿದ. ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರದ ಕೆಲಸದಲ್ಲಿಯೂ ಅವನ ಕೈಯನ್ನು ವಿದ್ವಾಂಸರು ಗುರುತಿಸುತ್ತಾರೆ. ಜನಗಢನು ಕಾಗದದ ಮೂಲೆಯಲ್ಲಿ ತನ್ನ ಹೆಸರನ್ನು ಬರೆದ. ಅವನ ಹೆಸರಿನಿಂದಲೇ ಆ ಶೈಲಿಯನ್ನು ‘ಜನಗಢ ಕಲಮ್’ ಎಂದು ಕರೆಯುವವರಿದ್ದಾರೆ. ಅವನ ಹಾದಿಯಲ್ಲಿ ಬಂದ ಭಜ್ಜು ಶ್ಯಾಮ್ ಅವರಿಗೆ ೨೦೧೮ರಲ್ಲಿಯೂ ದುರ್ಗಾಬಾಯಿ ವ್ಯಾಮ್ ಅವರಿಗೆ ೨೦೨೨ರಲ್ಲಿಯೂ ಪದ್ಮಶ್ರೀ ದೊರೆಯಿತು. ತೊಗಲುಗೊಂಬೆಯ ಕೆಳಗೆ ‘ಜಿಂಕೆ, ಆಡಿನ ಚರ್ಮ, ಮಂಡ್ಯ ಜಿಲ್ಲೆ’ ಎಂಬಷ್ಟೇ ಬರೆಹವಿರುವುದನ್ನು ನೋಡಿ ಯಾರಿಗೂ ಏನೂ ಅನ್ನಿಸುವುದಿಲ್ಲ. ಅಜ್ಞಾತವಾಗಿರುವುದೇ ಜಾನಪದದ ಲಕ್ಷಣವೆಂಬ ಮಾತನ್ನು ಪುಸ್ತಕಗಳು ಹೇಳಿಕೊಟ್ಟಿವೆ. ಆದರೆ ಕೆತ್ತಿದವನ ಮನೆಯಲ್ಲಿ ಅವನು ಅಜ್ಞಾತನಲ್ಲ. ಈ ಗೊಂಬೆ ಅಜ್ಜ ಮಾಡಿದುದು, ಈ ನವಿಲು ಚಿಕ್ಕಪ್ಪನ ಕೈದು ಎಂದು ಮಕ್ಕಳು ಬಲ್ಲರು. ಅಜ್ಞಾತತೆಯೆಂಬುದು ಅನೇಕ ವೇಳೆ ಕೊಂಡುಕೊಂಡವರು ಕೇಳದೆ ಬಿಟ್ಟ ಪ್ರಶ್ನೆ. ಇನ್ನು ಆ ಕುಲದ ಹೆಸರು ವಿದ್ಯಾವಂತರ ಮನೆಗಳಲ್ಲಿ ಕೇಳಿಬರುವುದಾದರೂ ಹೇಗೆ? ಚೇಷ್ಟೆಮಾಡುವ ಹುಡುಗನನ್ನು ಗದರಿಸುವಾಗ, ‘ಕಿಳ್ಳೇಕ್ಯಾತ’ ಎಂದು.

ಗೊಂಡರಿಗೆ ದೊರೆತ ದಾರಿಯನ್ನೇ ಇವರಿಗೂ ತೋರಿಸಬೇಕೆಂದು ಇದರಿಂದ ನೇರವಾಗಿ ಹೇಳಬಹುದೇ? ಇಲ್ಲಿ ತಡೆದು ನಿಲ್ಲಬೇಕು. ಕಾಗದವೂ ಪೇಟೆಯೂ ಪರ್ಧಾನರಿಗೆ ಅನ್ನವನ್ನೂ ಹೆಸರನ್ನೂ ತಂದುವು. ಹಾಡನ್ನು ಹಿಂದಕ್ಕೆ ಸರಿಸಿದುವು. ಬಾನಾ ನುಡಿಸುವವರಿಗಿಂತ ಚುಕ್ಕಿ ಇಡುವವರು ಹೆಚ್ಚಾದರು. ಬೇಡಿಕೆಯ ಭಾರವೂ ಸಾಮಾನ್ಯವಾದುದಲ್ಲ. ಜನಗಢ್ ಸಿಂಗ್ ಶ್ಯಾಮ್ ೨೦೦೧ರಲ್ಲಿ, ಇನ್ನೂ ನಲವತ್ತು ತುಂಬುವುದರೊಳಗೆ, ಜಪಾನಿನ ಸಂಗ್ರಹಾಲಯವೊಂದರಲ್ಲಿ ಚಿತ್ರ ಬರೆಯಲು ಹೋಗಿದ್ದಾಗ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಅದರ ಕಾರಣಗಳನ್ನು ದೂರದಿಂದ ನಿರ್ಣಯಿಸುವುದು ಸಲ್ಲದು. ಊರು, ಭಾಷೆ, ಬಂಧುಗಳಿಂದ ದೂರವಾದ ಒಂದು ಕೋಣೆಯಲ್ಲಿ ತನ್ನ ಅಡವಿಯ ಪ್ರಾಣಿಗಳನ್ನು ಬರೆಯುತ್ತಿದ್ದನೆಂಬುದಷ್ಟನ್ನು ಮರೆಯಬಾರದು. ತೊಗಲಿನವರ ವಿಷಯದಲ್ಲಿಯೂ ಇದೇ ತೂಕವನ್ನು ಇಟ್ಟು ನೋಡಬೇಕು. ಆಂಧ್ರದಲ್ಲಿ ತೋಲುಬೊಮ್ಮಲಾಟದವರು ಅದೇ ತೊಗಲಿನಿಂದ ದೀಪದ ಮುಸುಕುಗಳನ್ನು ಮಾಡಿ ಜೀವನ ಸಾಗಿಸುತ್ತಿದ್ದಾರೆ. ಇದನ್ನು ಹೀಗಳೆಯುವವರುಂಟು. ಹೀಗಳೆಯುವುದಕ್ಕೆ ಕಾರಣವಿಲ್ಲ, ದೀಪದ ಮುಸುಕಿನಲ್ಲಿ ಹಿಂದಿನಿಂದ ಬೆಳಕಾದರೂ ಇದೆ, ನವಿಲು ಅಲ್ಲಿ ಬದುಕಿದೆ. ಗಾಜಿನ ಚೌಕಟ್ಟಿನಲ್ಲಿ ಅದೂ ಇಲ್ಲ. ಹಾಡು ಮಾತ್ರ ಎರಡು ಕಡೆಗಳಲ್ಲಿಯೂ ಇಲ್ಲ.

ಮಳೆ ಹೋದ ವರ್ಷ, ದನಗಳಿಗೆ ಬೇನೆ ಬಂದ ವರ್ಷ ಊರವರು ಗೊಂಬೆಯವರನ್ನು ಕರೆಸಿ ಆಡಿಸುತ್ತಿದ್ದರು. ಗೊಂಬೆ ಹರಿದು ಹಳತಾದರೆ ಅದನ್ನು ತಿಪ್ಪೆಗೆ ಹಾಕುವಂತಿರಲಿಲ್ಲ, ಹೊಳೆಗೆ ಬಿಡಬೇಕಾಗಿತ್ತು. ಸಂಗ್ರಹಾಲಯದವರು ಇಂಥ ಒಂದು ಗೊಂಬೆಯನ್ನು ಕೇಳಿ ತಂದಿರಿಸಿಕೊಂಡಾಗ, ಹೊಳೆಗೆ ಸಲ್ಲಬೇಕಾದುದನ್ನು ಅದರ ಮನೆಯವರು ಬಿಟ್ಟುಕೊಟ್ಟಿರುತ್ತಾರೆ. ಅದಕ್ಕೆ ಪ್ರತಿಯಾಗಿ ಕೇಳಬಹುದಾದುದು ಹೆಚ್ಚಿನದಲ್ಲ. ಕೆಳಗಿನ ಚೀಟಿಯಲ್ಲಿ ಗೊಂಬೆಯ ಹೆಸರಿನ ಜೊತೆಗೆ ಕೆತ್ತಿದವನ ಹೆಸರು, ಅವನ ಊರು, ಅವನು ಹಾಡುತ್ತಿದ್ದ ಪ್ರಸಂಗ. ಹಿಂದುಗಡೆ, ನೋಡುವವರು ಬಂದಾಗಲಾದರೂ ಹೊತ್ತಿಸುವುದಕ್ಕೆ, ಒಂದು ದೀಪ.